ಅಪ್ಪಯ್ಯನ ಜೊತೆ ರಿಕೆಟ್ಸ್ ಗ್ಲೆನ್: ಎರಡು ರಾತ್ರಿ, 18 ಜಲಪಾತ

ಜಲಪಾತಗಳಿಗೆ ಹೆಸರಾದ ರಿಕೆಟ್ಸ್ ಗ್ಲೆನ್ ಸ್ಟೇಟ್ ಪಾರ್ಕ್‌ಗೆ ನಾವು ಹೋಗಿದ್ದು ಎರಡು ಸಲ. ಮೊದಲ ಸಲ ಹೋಗಿ ಮುಖ ಸಪ್ಪೆ ಮಾಡಿಕೊಂಡು ಬಂದೆವು. ಜುಲೈ ತಿಂಗಳ ಶನಿವಾರ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಇಡ್ಲಿ ತಿಂದು, ಎರಡನೇ ಕಾಫಿ ಕುಡಿದು, ಆರಾಮಾಗಿ ಹೊರಟೆವು. ಪೆನ್ಸಿಲ್ವೇನಿಯಾದ ಆ ಬೆಟ್ಟದ ಬುಡ ಮುಟ್ಟುವಾಗ ಮಧ್ಯಾಹ್ನ. 118ನೇ ರಸ್ತೆ ಪಕ್ಕದ ಪಾರ್ಕಿಂಗ್ ತುಂಬಿ ತುಳುಕುತ್ತಿತ್ತು. ಕಾದು ಜಾಗ ಹಿಡಿದು ಹತ್ತಲು ಶುರು ಮಾಡಿದೆವು. ಮೂರು ಜಲಪಾತ ದಾಟುವಷ್ಟರಲ್ಲಿ ಮಗ ಕೂತುಬಿಟ್ಟ. ನನ್ನ ವಾಕಿಂಗ್ ಶೂ ಒದ್ದೆ ಕಲ್ಲಿನ ಮೇಲೆ ಜಾರಿ ಮೊಣಕಾಲು ತರಚಿತು. ಅಲ್ಲಿಂದಲೇ ವಾಪಸ್. ಉಳಿದ ಜಲಪಾತಗಳೆಲ್ಲ ಮೇಲಿದ್ದವು. ಅದು ಮನೆಗೆ ಬಂದು ಮ್ಯಾಪ್ ಸರಿಯಾಗಿ ನೋಡಿದ ಮೇಲೆ ಗೊತ್ತಾಯಿತು.

ಎರಡನೇ ಸಲ ಹೋಗಿದ್ದು ಕಳೆದ ಜೂನ್‌ನಲ್ಲಿ, ಸಾಗರದ ಕಡೆಯಿಂದ ಅಪ್ಪಯ್ಯ ಬಂದಾಗ. ಈ ಸಲ ಅಲ್ಲೇ ಉಳಿಯೋಣ ಅಂತ ತೀರ್ಮಾನ ಮಾಡಿದೆವು. ಶುಕ್ರವಾರ ರಾತ್ರಿ ಅಲ್ಲೇ ಮಲಗಿದರೆ ಶನಿವಾರ ಬೆಳಿಗ್ಗೆ ಏಳಕ್ಕೆ ನಡೆಯಲು ಶುರು ಮಾಡಬಹುದು. ಉಳಿದ ಜನ ನಾವು ಮೊದಲ ಸಲ ಕುಡಿದ ಹಾಗೆ ಇನ್ನೂ ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾರೆ.

ಹೊಸಬರಿಗೆ ಒಂದು ಮಾತು. ಸ್ಟೇಟ್ ಪಾರ್ಕ್ ಅಂದರೆ ಆಯಾ ರಾಜ್ಯ ಸರ್ಕಾರದ್ದು, ಕೇಂದ್ರದ ನ್ಯಾಷನಲ್ ಪಾರ್ಕ್ ಬೇರೆ. ಪೆನ್ಸಿಲ್ವೇನಿಯಾದಲ್ಲಿ ಇಂಥ ಪಾರ್ಕ್‌ಗಳು 120ಕ್ಕೂ ಹೆಚ್ಚು ಇವೆ, ಒಳಗೆ ಹೋಗಲು ದುಡ್ಡಿಲ್ಲ. ದುಡ್ಡು ಕೊಡಬೇಕಾದ್ದು ಟೆಂಟ್ ಹಾಕುವ ಜಾಗಕ್ಕೆ, ಅದನ್ನು 11 ತಿಂಗಳು ಮುಂಚೆಯೇ ಬುಕ್ ಮಾಡಲು ಬಿಡುತ್ತಾರೆ. ವಾರಾಂತ್ಯದ ಜಾಗ ಬೇಗ ಖಾಲಿಯಾಗುತ್ತದೆ. ನಮಗೆ ಸಿಕ್ಕಿದ್ದು ಯಾರೋ ಕೊನೇ ಗಳಿಗೆಯಲ್ಲಿ ಬಿಟ್ಟುಕೊಟ್ಟದ್ದು. ಎರಡು ವಾರ ದಿನಾ ರಾತ್ರಿ ಮಲಗುವ ಮುಂಚೆ ಒಂದು ಸಲ ಇಣುಕಿ ನೋಡುತ್ತಿದ್ದೆ, ಅದರ ಫಲ.

ದಾರಿಯ ವಿಷಯ. ಐ-80 ಹೆದ್ದಾರಿ ಹಿಡಿದು ಡೆಲವೇರ್ ವಾಟರ್ ಗ್ಯಾಪ್ ಅನ್ನುವ ನದಿ ಕಣಿವೆ ದಾಟಿ ಹೋದರೆ ಎರಡೂವರೆ, ಮೂರು ಗಂಟೆ. ಕೊನೆಗೆ ರೆಡ್ ರಾಕ್ ಅನ್ನುವ ಊರಿನಿಂದ 487ನೇ ರಸ್ತೆ ಮೇಲೇರುತ್ತದೆ, ಬಲು ಕಡಿದು. ಟ್ರೈಲರ್ ಎಳೆದುಕೊಂಡು ಬರುವವರು ಈ ಏರು ಬಿಟ್ಟು ಡುಶೋರ್ ಕಡೆಯಿಂದ ಬರಬೇಕು ಅಂತ ಪಾರ್ಕಿನವರೇ ಹೇಳುತ್ತಾರೆ. ನಮ್ಮ ಕಾರು ಏದುಸಿರು ಬಿಟ್ಟುಕೊಂಡು ಹತ್ತುವಾಗ ಅಪ್ಪಯ್ಯ, "ಆಗುಂಬೆ ಘಾಟಿಗೆ ತಿರುವಾದ್ರೂ ಇದೆ, ಇವ್ರು ಸೀದಾ ಗುಡ್ಡಕ್ಕೆ ಏಣಿ ಹಾಕಿಟ್ಟಿದ್ದಾರಲ್ಲೇ" ಅಂದರು. ಬೆಟ್ಟ ಹತ್ತುತ್ತಿದ್ದಂತೆ ಫೋನಿನ ಸಿಗ್ನಲ್ ಹೋಯಿತು. ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ.

ಮೇಲೆ ಲೇಕ್ ಜೀನ್ ಅಂತ 245 ಎಕರೆಯ ಕೆರೆ. ಅದರ ದಂಡೆಯ ಕಾಡಿನಲ್ಲೇ ಕ್ಯಾಂಪಿಂಗ್. ಪ್ರತಿ ಜಾಗಕ್ಕೂ ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ. ಹತ್ತಿರದಲ್ಲೇ ಬಿಸಿನೀರಿನ ಸ್ನಾನದ ಮನೆ. ನಮ್ಮನೆಯವರು ಟೆಂಟ್ ಬಿಚ್ಚಿದರು. ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಂದ ಹೊಸ ಟೆಂಟ್, ಮನೆಯಲ್ಲಿ ಒಂದು ಸಲವೂ ಹಾಕಿ ನೋಡಿರಲಿಲ್ಲ. ಅಡಿಯಲ್ಲಿ ನೀಲಿ ತಾಡಪಾಲು ಹಾಸಿ ಅದರ ಮೇಲೆ ನಿಲ್ಲಿಸಿದೆವು. ತಾಡಪಾಲು ದೊಡ್ಡದಿತ್ತು, ಟೆಂಟಿನ ಸುತ್ತ ಒಂದೊಂದು ಮೊಳ ಹೊರಗೆ ಉಳಿಯಿತು. ಚಪ್ಪಲಿ ಬಿಡಲು ಆಯಿತಲ್ಲ ಅಂತ ನನಗೆ ಖುಷಿ.

ರಾತ್ರಿ ಎರಡು ಗಂಟೆಗೆ ಮಳೆ. ಜೋರಿಲ್ಲ, ನಮ್ಮೂರಿನ ಲೆಕ್ಕದಲ್ಲಿ ಹನಿ ಅಷ್ಟೆ. ಅರ್ಧ ಗಂಟೆಯಲ್ಲಿ ಅಪ್ಪಯ್ಯ ಎದ್ದು ಕೂತರು. "ಬೆನ್ನು ತಣ್ಣಗಾಯ್ತಲ್ಲೇ" ಅಂದರು. ಟಾರ್ಚ್ ಹಾಕಿದರೆ ನೆಲ ಪೂರ್ತಿ ಒದ್ದೆ. ಮೇಲಿಂದ ಒಂದು ಹನಿ ಸೋರಿರಲಿಲ್ಲ. ಹೊರಗೆ ಚಾಚಿಕೊಂಡಿದ್ದ ತಾಡಪಾಲಿನ ಮೇಲೆ ಬಿದ್ದ ನೀರೆಲ್ಲ ಒಳಕ್ಕೆ ಹರಿದು ಟೆಂಟಿನ ಅಡಿಯಲ್ಲಿ ಮಡುಗಟ್ಟಿತ್ತು. ಅಪ್ಪಯ್ಯ ಮಳೆಯಲ್ಲೇ ಹೊರಗೆ ಹೋಗಿ ನಾಲ್ಕೂ ಬದಿಯ ಅಂಚನ್ನು ಟೆಂಟಿನ ಅಡಿಗೆ ಮಡಚಿ ತುರುಕಿ ಬಂದರು. "ಸಂಜೆನೇ ಹೇಳ್ಬೇಕು ಅನ್ಕೊಂಡೆ. ನಿಮ್ಮ ಅಮೆರಿಕದ ಪದ್ಧತಿ ಹಂಗಿರ್ಬಹುದು ಅಂತ ಸುಮ್ನಾದೆ" ಅಂದರು. ಅಂಗಳದಲ್ಲಿ ಅಡಿಕೆ ಒಣಗಿಸಿ ಮಳೆ ಬಂದಾಗ ಓಡಿ ಮುಚ್ಚಿದ ಮನುಷ್ಯನಿಗೆ ತಾಡಪಾಲಿನ ಬುದ್ಧಿ ನಾವು ಹೇಳಿಕೊಡುವುದುಂಟೇ? ಇಷ್ಟೇ ಪಾಠ: ಹಾಸು ಟೆಂಟಿಗಿಂತ ಒಂದು ಗೇಣು ಚಿಕ್ಕದಿರಲಿ, ದೊಡ್ಡದಿದ್ದರೆ ಒಳಕ್ಕೆ ಮಡಚಿ. ಅವತ್ತಿನ ಚಳಿಗೆ ಜೂನ್ ತಿಂಗಳಲ್ಲೂ ನಾಲ್ಕು ಕಂಬಳಿ ಬೇಕಾಯಿತು.

ಆದರೂ ಏಳೂವರೆಗೆ ಮೇಲಿನಿಂದ ದಾರಿ ಶುರುವಾಗುವ ಲೇಕ್ ರೋಸ್ ಪಾರ್ಕಿಂಗ್‌ನಲ್ಲಿದ್ದೆವು. ನಮ್ಮದು ಮೂರನೇ ಕಾರು.

ಇಲ್ಲಿನ ಲೆಕ್ಕ ಹೀಗಿದೆ. ಕಿಚನ್ ಕ್ರೀಕ್ ಅನ್ನುವ ಹೊಳೆಗೆ ಎರಡು ಕವಲು. ಒಂದು ಗನೋಗಾ ಗ್ಲೆನ್ ಕಣಿವೆಯಲ್ಲಿ ಬರುತ್ತದೆ, ಇನ್ನೊಂದು ಗ್ಲೆನ್ ಲೀ ಕಣಿವೆಯಲ್ಲಿ. ಎರಡೂ ಕೆಳಗೆ ವಾಟರ್ಸ್ ಮೀಟ್‌ನಲ್ಲಿ ಸೇರುತ್ತವೆ, ನಮ್ಮ ಕೂಡಲಿಯ ಹಾಗೆ, ದೇವಸ್ಥಾನ ಒಂದಿಲ್ಲ. ಹೆಸರಿಟ್ಟ ಜಲಪಾತಗಳು ಒಟ್ಟು 22. ಪೂರ್ತಿ ಸುತ್ತು 7.2 ಮೈಲಿ, ಅಂದರೆ ಹನ್ನೊಂದೂವರೆ ಕಿಲೋಮೀಟರ್. ಎರಡು ಕಣಿವೆ, ಮೇಲೆ ಅವನ್ನು ಸೇರಿಸುವ ದಾರಿ ಕೂಡಿ ಆಗುವ ಮೇಲಿನ ತ್ರಿಕೋನ ಮಾತ್ರ ಸುತ್ತಿದರೆ 3.2 ಮೈಲಿ. ಅದರಲ್ಲೇ 18 ಜಲಪಾತ ಸಿಗುತ್ತವೆ. ಮೊದಲ ಸಲ ನಾವು ಕೆಳಗಿನಿಂದ ಹತ್ತಿ ದಾರಿ ಜಾಸ್ತಿ, ಜಲಪಾತ ಕಡಿಮೆ ಇರುವ ಭಾಗದಲ್ಲೇ ಶಕ್ತಿ ಕಳೆದುಕೊಂಡಿದ್ದೆವು.

ಯಾವ ಕಣಿವೆಯಲ್ಲಿ ಇಳಿಯಬೇಕು, ಯಾವುದರಲ್ಲಿ ಹತ್ತಬೇಕು ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ವಾದ. ನನ್ನ ಮಟ್ಟಿಗೆ ಗ್ಲೆನ್ ಲೀ ಜಾಸ್ತಿ ಕಡಿದು, ಮೆಟ್ಟಿಲೂ ಕಿರಿದು. ಕಡಿದಾದ್ದನ್ನು ಹತ್ತಬೇಕು, ಇಳಿಯಬಾರದು. ಹತ್ತುವಾಗ ಹೋಗುವುದು ಉಸಿರು, ಇಳಿಯುವಾಗ ಹೋಗುವುದು ಮಂಡಿ. ಜಾರಿದರೂ ಹತ್ತುವವರು ಮುಂದಕ್ಕೆ ಕೈಯೂರುತ್ತಾರೆ, ಇಳಿಯುವವರು ಕೂತುಕೊಂಡೇ ಹೋಗುತ್ತಾರೆ. ಹಾಗಾಗಿ ಗನೋಗಾ ಕಡೆಯಿಂದ ಇಳಿದೆವು.

ಅಪ್ಪಯ್ಯ ಹೊರಟಿದ್ದು ಹವಾಯಿ ಚಪ್ಪಲಿಯಲ್ಲಿ. ತೋಟದಲ್ಲಿ ಐವತ್ತು ವರ್ಷ ಇದರಲ್ಲೇ ಓಡಾಡಿದ್ದೇನೆ ಅಂತ ಹಟ. ಮೊದಲ ಜಲಪಾತ ಮೋಹಾಕ್, 37 ಅಡಿ. ಅದರ ಪಕ್ಕದ ಮೆಟ್ಟಿಲಲ್ಲಿ ನಾಲ್ಕು ಹೆಜ್ಜೆ ಇಟ್ಟವರು ನಿಂತರು, ಕಾಲ ಕೆಳಗೆ ನೋಡಿದರು, ತುಟಿ ಪಿಟಕ್ಕೆನ್ನದೆ ಚೀಲದಿಂದ ಶೂ ತೆಗೆದು ಹಾಕಿಕೊಂಡರು. ಆ ಕಲ್ಲು ಹಾಗಿದೆ. ಪದರ ಪದರದ ಚಪ್ಪಡಿ, ಮೇಲೆ ಜಲಪಾತದ ತುಂತುರು, ಅದರ ಮೇಲೆ ಹಸಿರು ಪಾಚಿ, ಪಾಚಿಯ ಮೇಲೆ ಉದುರಿದ ಹೆಮ್ಲಾಕ್ ಮರದ ಸಣ್ಣ ಎಲೆ. ಮೆಟ್ಟಿಲುಗಳ ಎತ್ತರವೂ ಒಂದೇ ಸಮ ಇಲ್ಲ, ಒಂದು ನಾಲ್ಕು ಬೆರಳು, ಮುಂದಿನದು ಮೊಣಕಾಲುದ್ದ. ಹೆಚ್ಚಿನ ಕಡೆ ಹಿಡಿಯಲು ಕಂಬಿಯೂ ಇಲ್ಲ. ಕಾಲನ್ನು ಅಡ್ಡ ಇಟ್ಟು, ಮೆಟ್ಟಿಲಿನ ಅಂಚು ಬಿಟ್ಟು ಒಳಮೂಲೆಗೆ ಊರಿ, ಒಂದು ಕಾಲು ಗಟ್ಟಿಯಾದ ಮೇಲೆ ಇನ್ನೊಂದನ್ನು ಎತ್ತಬೇಕು. ಮಗ ಫೋನ್ ಹಿಡಿದು ವಿಡಿಯೋ ಮಾಡುತ್ತಾ ಇಳಿಯಲು ಹೋದಾಗ ಅಪ್ಪಯ್ಯ ತೋಳು ಹಿಡಿದು ನಿಲ್ಲಿಸಿದರು. "ಸಂಕ ದಾಟೋವಾಗ ಹೊಳೆ ನೋಡ್ತಾರೇನೋ? ನಿಂತು ನೋಡು, ಆಮೇಲೆ ನಡಿ." ಆಮೇಲೆ ಅದೇ ನಮ್ಮ ಕಾನೂನಾಯಿತು. ಹದಿನೆಂಟು ಜಲಪಾತದ ಹತ್ತಿರ ಹದಿನೆಂಟು ಸಲ ನಿಂತೆವು, ಐದು ಕಿಲೋಮೀಟರಿಗೆ ನಾಲ್ಕು ಗಂಟೆ ಹಿಡಿಯಿತು. ಅಲ್ಲಿ ಅದೇ ಸರಿಯಾದ ಲೆಕ್ಕ.

ಗನೋಗಾ ಇಲ್ಲಿನ ಅತಿ ಎತ್ತರದ ಜಲಪಾತ, 94 ಅಡಿ. ಸಾಗರದವರಿಗೆ 94 ಅಡಿ ಅಂದರೆ ನಗು ಬರುತ್ತದೆ, ಜೋಗ 830 ಅಡಿ. ಅಪ್ಪಯ್ಯನೂ ಮೊದಲು, "ಜೋಗದ ಮುಂದೆ ಇದು ಬಚ್ಚಲ ಕೊಳವೆ" ಅಂದರು. ಆದರೆ ಜೋಗವನ್ನು ನಾವು ಆಚೆ ದಡದಿಂದ ನೋಡುತ್ತೇವೆ. ಇಲ್ಲಿ ದಾರಿ ಜಲಪಾತದ ನೆತ್ತಿಯಿಂದ ಶುರುವಾಗಿ ಅದರ ಜೊತೆ ಜೊತೆಗೇ ಇಳಿದು ಬುಡಕ್ಕೆ ಬರುತ್ತದೆ. ನೀರು ಒಮ್ಮೆಲೇ ಬೀಳುವುದಿಲ್ಲ, ಸಣ್ಣ ಸಣ್ಣ ಮೆಟ್ಟಿಲಲ್ಲಿ ಒಡೆದು, ಹರಡಿ, ಮತ್ತೆ ಕೂಡಿ ಇಳಿಯುತ್ತದೆ. ಬುಡದಲ್ಲಿ ನಿಂತರೆ ಗಾಳಿಯೇ ಒದ್ದೆ, ಅಪ್ಪಯ್ಯನ ಕನ್ನಡಕ ಮಂಜಾಯಿತು. ಒರೆಸಿಕೊಳ್ಳದೆ ಹಾಗೇ ನಿಂತಿದ್ದರು.

ಈ ದಾರಿ ಮಾಡಿಸಿದ್ದು ರಾಬರ್ಟ್ ಬ್ರೂಸ್ ರಿಕೆಟ್ಸ್. ಅಮೆರಿಕದ ಅಂತರ್ಯುದ್ಧದಲ್ಲಿ, ಗೆಟ್ಟಿಸ್‌ಬರ್ಗ್ ಕದನದಲ್ಲಿ ಫಿರಂಗಿ ದಳ ನಡೆಸಿ ಮುಂದೆ ಕರ್ನಲ್ ಆದವನು. ಸುತ್ತಲಿನ ಸಾವಿರಾರು ಎಕರೆ ಕಾಡು ಅವನದೇ. ಅದರಲ್ಲಿ ಬಹಳಷ್ಟನ್ನು ಮರದ ವ್ಯಾಪಾರಕ್ಕೆ ಕಡಿಸಿದ, ಈ ಕಣಿವೆಗಳನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕೇ ಇಲ್ಲಿ 300 ವರ್ಷ ದಾಟಿದ ಮರಗಳು ಇವತ್ತಿಗೂ ನಿಂತಿವೆ. 1889ರಿಂದ 1893ರವರೆಗೆ ಆರು ಜನ ಕೆಲಸಗಾರರು ಈ ದಾರಿ, ಮೆಟ್ಟಿಲು ಮಾಡಿದರಂತೆ. ಆರೇ ಜನ! ಕೆಲವು ಜಲಪಾತಗಳಿಗೆ ಅವನ ಮನೆಯವರ, ನೆಂಟರಿಷ್ಟರ ಹೆಸರು. ಹೆಚ್ಚಿನವು ಮೋಹಾಕ್, ಒನೈಡಾ, ಸೆನೆಕಾ, ಹ್ಯೂರಾನ್ ಅಂತ ಅಮೆರಿಕದ ಮೂಲನಿವಾಸಿಗಳ ಹೆಸರು. ಆ ಜನರನ್ನು ನೆಲದಿಂದ ಎಬ್ಬಿಸಿ ಹೆಸರನ್ನು ನೀರಿಗಿಟ್ಟರು. ಆರು ಕೆಲಸಗಾರರ ಹೆಸರಂತೂ ಯಾವ ಜಲಪಾತಕ್ಕೂ ಇಲ್ಲ.

ವಾಟರ್ಸ್ ಮೀಟ್‌ನಲ್ಲಿ ಕೂತು ಚಪಾತಿ, ಚಟ್ನಿಪುಡಿ ಮೊಸರು ತಿಂದೆವು. ಗ್ಲೆನ್ ಲೀ ಏರು ನಿಜವಾಗಿ ಕಷ್ಟ. ಅಲ್ಲಿವರೆಗೆ ಊರುಗೋಲು ಬೇಡವೇ ಬೇಡ ಅಂದಿದ್ದ ಅಪ್ಪಯ್ಯ, 60 ಅಡಿಯ ಓಝೋನ್ ಜಲಪಾತದ ಹತ್ತಿರ ಸುಮ್ಮನೆ ಕೈಚಾಚಿದರು. ಕೊಟ್ಟೆ. ಎದುರಿಂದ ಇಳಿದು ಬರುವವರ ಸಾಲು ಶುರುವಾಗಿತ್ತು, ಕಿರಿದಾದ ಮೆಟ್ಟಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುವುದೇ ಕೆಲಸ. ಸ್ಯಾಂಡಲ್ ಹಾಕಿದವರು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡವರು. ಮೊದಲ ಸಲದ ನಮ್ಮನ್ನೇ ನೋಡಿದ ಹಾಗಾಯಿತು. ಚಳಿಗಾಲದಲ್ಲಿ ಈ ದಾರಿ ಪೂರ್ತಿ ಹಿಮಗಟ್ಟುತ್ತದೆ, ಮಂಜುಗಡ್ಡೆ ಹತ್ತುವ ಸಲಕರಣೆ ಇಲ್ಲದವರನ್ನು ಬಿಡುವುದಿಲ್ಲ.

ವಾಪಸ್ ಬಂದ ಮೇಲೆ ಮೊದಲ ಕೆಲಸ ಉಣುಗು ಹುಡುಕುವುದು. ಪೆನ್ಸಿಲ್ವೇನಿಯಾ ಕಾಡಿನಲ್ಲಿ ಇಂಬಳ ಕಾಣಲಿಲ್ಲ, ಆದರೆ ಉಣುಗು ಇದೆ, ಅದರಿಂದ ಲೈಮ್ ಕಾಯಿಲೆ ಬರುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದೂ ಉಣುಗೇ. ಅಪ್ಪಯ್ಯ ಹೊರಡುವಾಗಲೇ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಂಡಿದ್ದರು, ಮಗನಿಗೂ ತುರುಕಿದ್ದರು. ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ, ಸೊಂಟದ ಪಟ್ಟಿಯ ಅಡಿ ನೋಡಬೇಕು. ನಮ್ಮನೆಯವರ ಕಾಲುಚೀಲದ ಮೇಲೆ ಒಂದು ಸಿಕ್ಕಿತು, ಎಳ್ಳಿನಷ್ಟು. ಕಚ್ಚಿರಲಿಲ್ಲ.

ಸಂಜೆ ಬೆಂಕಿ. ಬೇರೆ ಊರಿಂದ ಕಟ್ಟಿಗೆ ತರಬಾರದು, ಅದರ ಜೊತೆ ಮರ ಕೊಲ್ಲುವ ಹುಳ ಬರುತ್ತದೆ, ಹತ್ತಿರದಲ್ಲೇ ಕೊಳ್ಳಬೇಕು. ದಾರಿಬದಿಯ ಮನೆಯೊಂದರ ಮುಂದೆ ಕಟ್ಟು ಕಟ್ಟಿ ಇಟ್ಟಿದ್ದರು, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ. "ಎಂತದೇ ಇದು, ಆರು ಸೀಳು ಕಟ್ಟಿಗೆಗೆ ಆರು ಡಾಲರಾ?" ಅಂತ ಅಪ್ಪಯ್ಯ ರೂಪಾಯಿಗೆ ಲೆಕ್ಕ ಹಾಕಿ ಸುಮ್ಮನಾದರು. ರಾತ್ರಿಯ ಮಳೆಗೆ ಆ ಕಟ್ಟಿಗೆಯೂ ನೆನೆದಿತ್ತು. ನಮ್ಮನೆಯವರು ಅರ್ಧ ಗಂಟೆ ಕಾಗದ ಸುಟ್ಟರು, ಬರೀ ಹೊಗೆ. ಕೊನೆಗೆ ಅಪ್ಪಯ್ಯ ಕೊಡಲಿ ತೆಗೆದುಕೊಂಡು ಎರಡು ತುಂಡನ್ನು ಬೆರಳು ದಪ್ಪಕ್ಕೆ ಸೀಳಿದರು. ಒಳಗಿನ ತಿರುಳು ಒಣಗಿಯೇ ಇತ್ತು. ಅದನ್ನು ಗುಡಿಸಲಿನ ಹಾಗೆ ನಿಲ್ಲಿಸಿ, ಪ್ರಯಾಣಕ್ಕೆ ತಂದಿದ್ದ ಪೂಜೆಯ ಪೊಟ್ಟಣದಿಂದ ಎರಡು ಬಿಲ್ಲೆ ಕರ್ಪೂರ ಇಟ್ಟು ಹಚ್ಚಿದರು. ಒದ್ದೆ ಕಟ್ಟಿಗೆಯನ್ನು ಸುತ್ತ ಒರಗಿಸಿ ಬೆಂಕಿಯ ಕಾವಿಗೇ ಒಣಗಲು ಬಿಟ್ಟರು. ಬಚ್ಚಲ ಒಲೆಗೆ ಮಳೆಗಾಲದಲ್ಲಿ ಮಾಡುವುದೂ ಇದನ್ನೇ ಅಲ್ವಾ. ಪಕ್ಕದ ಟೆಂಟಿನ ಗಂಡಸು ಬಂದು ಆ ಬಿಳಿ ಬಿಲ್ಲೆ ಏನು, ಎಲ್ಲಿ ಸಿಗುತ್ತದೆ ಅಂತ ಕೇಳಿದ. ಒಂದು ಹಿಡಿ ಕೊಟ್ಟು ಕಳಿಸಿದೆವು.

ಮಲಗುವ ಮುಂಚೆ ತಿಂಡಿ ಡಬ್ಬಿ, ಹಣ್ಣು, ಟೂತ್‌ಪೇಸ್ಟು, ಉಪ್ಪಿನಕಾಯಿ ಬಾಟಲಿ ಎಲ್ಲವೂ ಕಾರಿನೊಳಗೆ ಹೋಯಿತು. ಇಲ್ಲಿ ಕರಡಿ ಇದೆ. ಉಪ್ಪಿನಕಾಯಿಗೆ ಕರಡಿ ಬರುತ್ತದೋ ಇಲ್ಲವೋ ಪರೀಕ್ಷೆ ಮಾಡುವ ಆಸೆ ಯಾರಿಗೂ ಇರಲಿಲ್ಲ.

ಭಾನುವಾರ ಒದ್ದೆ ಟೆಂಟನ್ನು ಹಾಗೇ ಸುತ್ತಿ ತಂದು ಬಾಲ್ಕನಿಯಲ್ಲಿ ಎರಡು ದಿನ ಹರವಿದೆ. ಹೆಮ್ಲಾಕ್ ಎಲೆ ಇನ್ನೂ ಅಲ್ಲಿ ಇಲ್ಲಿ ಸಿಗುತ್ತಿದೆ. ಎಲೆ ಕೆಂಪಾಗುವ ಅಕ್ಟೋಬರ್‌ಗೆ ಮತ್ತೆ ಹೋಗೋಣ ಅಂತ ಆ ವಾರವೇ ನೋಡಿದರೆ ಶನಿವಾರಗಳೆಲ್ಲ ಆಗಲೇ ಬುಕ್ ಆಗಿದ್ದವು. ಮಂಗಳವಾರ, ಬುಧವಾರ ಇತ್ತು, ಹಿಡಿದು ಹಾಕಿದೆ. ಮಗನ ಶಾಲೆಗೆ ಏನು ಹೇಳುವುದು ಅಂತ ಇನ್ನೂ ಯೋಚಿಸಿಲ್ಲ.