ಬೆಟ್ಟದ ದಾರಿಯಲ್ಲಿ ರಿಕವರಿ ಓಟ

ಉದ್ದದ ಓಟ ಮುಗಿಸಿದ ಮರುದಿನವೇ ಬೆಟ್ಟದ ಕಡೆ ಪ್ರಯಾಣ ಹೊರಟು, ಅಲ್ಲಿ ರಿಕವರಿ ಓಟ (ದಣಿದ ಕಾಲು ಸುಧಾರಿಸಿಕೊಳ್ಳಲೆಂದು ಓಡುವ ನಿಧಾನದ, ಚಿಕ್ಕ ಓಟ) ಮಾಡುವವರಿಗೆ ಒಂದು ಮಾತು: ಏರಿಗಿಂತ ಇಳಿಜಾರಿಗೆ ಹೆದರಿ.

ಒಮ್ಮೆ ನಾನು 26 ಕಿ.ಮೀ. ಓಡಿ, ಆಮೇಲೆ ಆರು ತಾಸು ಕಾರಿನಲ್ಲಿ ಕೂತು ಬೆಟ್ಟ ಸೇರಿದ್ದೆ. ಬೆಳಿಗ್ಗೆ ನೋಡಿದರೆ ಕಣಿವೆ ತುಂಬಾ ಮಂಜು, ಅದರೊಳಗೆ ಸುತ್ತಿ ಸುತ್ತಿ ಇಳಿಯುವ ರಸ್ತೆ. ಮನಸ್ಸು ತಡೆಯಲಿಲ್ಲ. 4 ಕಿ.ಮೀ. ಸಲೀಸಾಗಿ ಇಳಿದೆ, ಉಸಿರೂ ಏರಲಿಲ್ಲ. ಮರುದಿನ ಮೆಟ್ಟಿಲಿಳಿಯಲು ಕಂಬಿ ಹಿಡಿದು ಅಡ್ಡಡ್ಡ ಕಾಲಿಡಬೇಕಾಯಿತು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದಕ್ಕೆ ಹಿಗ್ಗುತ್ತಲೇ ಮೈಭಾರ ತಡೆಯುತ್ತದೆ. ಮೊದಲೇ ದಣಿದ ಸ್ನಾಯುವಿಗೆ ಅದು ದೊಡ್ಡ ಪೆಟ್ಟು. ನೋವು ಜೋರಾಗುವುದು ಒಂದೆರಡು ದಿನ ಬಿಟ್ಟು.

ಹಾಗಾಗಿ ಬೆಟ್ಟದ ಸೊಂಟದಲ್ಲಿ ಮಟ್ಟಸವಾಗಿ ಸಾಗುವ ದಾರಿ ಹುಡುಕಿ. ಕೆರೆ ದಂಡೆ ಸಿಕ್ಕರೆ ಇನ್ನೂ ಒಳ್ಳೆಯದು. 15 ನಿಮಿಷ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಏರು ಬಂದರೆ ನಡೆಯಿರಿ, ಇಳಿಜಾರಲ್ಲೂ ನಡೆಯಿರಿ.

ವಾಚಿನ ವೇಗ ನೋಡಲೇಬೇಡಿ. 2,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮುಕ್ಕಾಲು ಭಾಗ ಮಾತ್ರ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ನಿಮ್ಮ ಮಾಮೂಲಿ ನಿಧಾನ ಓಟಕ್ಕೂ ಅಲ್ಲಿ ಎದೆ ಹೆಚ್ಚು ಬಡಿದುಕೊಳ್ಳುತ್ತದೆ. ನಾನು ಕಂಡದ್ದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಓಡುತ್ತೇನೆ. ವಾಕ್ಯದ ನಡುವೆ ಉಸಿರು ಕಟ್ಟಿತೋ, ನಡಿಗೆ ಶುರು. ಅಷ್ಟೆತ್ತರದಲ್ಲಿ ತಲೆನೋವು, ವಾಕರಿಕೆ ಇದ್ದರೆ ಓಟವೇ ಬೇಡ. ಸುಮ್ನೆ ವಿಶ್ರಾಂತಿ ತಗೊಳ್ಳಿ, ಜಾಸ್ತಿಯಾದರೆ ಕೆಳಗಿಳಿಯಿರಿ.

ಇಯರ್‌ಫೋನ್ ರೂಮಿನಲ್ಲೇ ಇರಲಿ. ತಿರುವಿನಾಚೆಯ ಗಾಡಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ.

ನೋಟ ಸವಿಯಬೇಕೆಂದರೆ ನಿಂತುಬಿಡಿ. ಓಡುತ್ತಾ ಕಣಿವೆ ನೋಡಿದರೆ ಪಾದ ಹೊರಳುತ್ತದೆ, ಅಲ್ವಾ? ಒಂದು ತಿರುವಿನಲ್ಲಿ ನಾನು ನಾಲ್ಕು ನಿಮಿಷ ನಿಂತಿದ್ದೆ. ಮಂಜು ಸರಿಯುತ್ತಿತ್ತು. ಮೊದಲು ಎದುರು ಗುಡ್ಡದ ಮರದ ತುದಿಗಳು ಕಂಡವು, ಆಮೇಲೆ ಒಂದು ತಗಡಿನ ಮಾಡು, ಕೊನೆಗೆ ನಾನೇ ಬಂದ ದಾರಿ. ಮತ್ತೆ ಹೆಜ್ಜೆ ಎತ್ತಿದಾಗ ಮೀನಖಂಡದ ಬಿಗಿತ ಎಷ್ಟೋ ಸಡಿಲವಾಗಿತ್ತು. ರಿಕವರಿ ಓಟದಲ್ಲಿ ಇಂಥ ನಿಲುಗಡೆ ನಷ್ಟವಲ್ಲ, ಓಟದ್ದೇ ಭಾಗ. ಆದರೆ ನಿಂತೊಡನೆ ಬೆವರು ತಣ್ಣಗಾಗುತ್ತದೆ. ಸಾವಿರ ಮೀಟರ್ ಮೇಲೇರಿದರೆ ಸುಮಾರು 6 ಡಿಗ್ರಿ ತಂಪು ಜಾಸ್ತಿ. ತೆಳು ಜಾಕೆಟ್ ಒಂದನ್ನು ಸೊಂಟಕ್ಕೆ ಕಟ್ಟಿಕೊಂಡಿರಿ.

ಕೊನೆಯ ಐದು ನಿಮಿಷ ನಡೆದು ಮುಗಿಸಿ. ಬಂದ ಕೂಡಲೇ ಒದ್ದೆ ಬಟ್ಟೆ, ಕಾಲುಚೀಲ ಬದಲಾಯಿಸಿ, ನೀರು ಕುಡಿಯಿರಿ. ಆಮೇಲೆ ಮತ್ತೆ ಗಾಡಿ ಹತ್ತುವುದಿದ್ದರೆ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಓಡಾಡಿ.