ಎಣ್ಣೆ ಹಾಕದ ಉಪ್ಪಿನಕಾಯಿ ಹುಡುಕಿಕೊಂಡು ಬಂದವರು

ಸಾಗರದ ಹತ್ತಿರ ನಮ್ಮ ಮನೆ. ಅತ್ತೆ ಹಾಕುವ ಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾರೋಣವೆಂದು ಒಂದು ವೆಬ್‌ಸೈಟ್ ಮಾಡಿಸಿದೆವು. ಮುಖಪುಟದಲ್ಲಿ ದಪ್ಪಕ್ಷರದಲ್ಲಿ ‘ಮಲೆನಾಡಿನ ಅಪ್ಪಟ ಸೊಗಡು’ ಎಂದು ಬರೆದವಳು ನಾನೇ, ಹಾಗಾಗಿ ಬೇರೆ ಯಾರನ್ನೂ ದೂರುವಂತಿಲ್ಲ. ಮೊದಲ ಮಳೆಗಾಲ ಮುಗಿಯುವವರೆಗೂ ಆರ್ಡರ್ ಕೊಟ್ಟವರೆಲ್ಲ ಬೆಂಗಳೂರಿನ ನೆಂಟರು, ಇಲ್ಲವೇ ಅವರ ಪಕ್ಕದ ಮನೆಯವರು. ಸೊಗಡು ಬೇಕೆಂದು ಗೂಗಲ್‌ನಲ್ಲಿ ಟೈಪ್ ಮಾಡುವ ಪುಣ್ಯಾತ್ಮರು ಯಾರಿದ್ದಾರೆ?

ಕೀವರ್ಡ್ ರಿಸರ್ಚ್, ಅಂದರೆ ಜನ ಯಾವ ಮಾತು ಹಾಕಿ ಹುಡುಕುತ್ತಾರೆಂದು ಪತ್ತೆ ಮಾಡುವುದು, ದುಡ್ಡು ಕೊಟ್ಟು ಮಾಡಿಸುವ ಕೆಲಸ ಅಂದುಕೊಂಡಿದ್ದೆ. ನನಗೆ ಬೇಕಾದ ಅರ್ಧದಷ್ಟು ಸೈಟ್ ಇರುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ಬಿಟ್ಟಿಯಾಗಿಯೇ ಇತ್ತು. ಸೈಟ್ ಶುರುವಾದಾಗಲೇ ಜೋಡಿಸಿಟ್ಟು ಮರೆತಿದ್ದೆ. ಅದು 16 ತಿಂಗಳವರೆಗಿನ ಲೆಕ್ಕ ಇಟ್ಟುಕೊಂಡಿರುತ್ತದೆ: ಜನ ಏನೆಂದು ಹುಡುಕಿದಾಗ ನಮ್ಮ ಪುಟ ಕಾಣಿಸಿತು, ಎಷ್ಟು ಸಲ, ಎಷ್ಟು ಮಂದಿ ಒತ್ತಿದರು, ಸರಾಸರಿ ಎಷ್ಟನೇ ಸಾಲಿನಲ್ಲಿ ಇದ್ದೆವು. ಅಪರೂಪಕ್ಕೆ ಹುಡುಕಿದ ಮಾತುಗಳನ್ನು ಗೋಪ್ಯತೆಗಾಗಿ ಮುಚ್ಚಿಡುತ್ತದೆ. ಆದ್ದರಿಂದ ಪಟ್ಟಿಯ ಮೊತ್ತಕ್ಕೂ ಮೇಲಿನ ಒಟ್ಟು ಸಂಖ್ಯೆಗೂ ತಾಳೆಯಾಗುವುದಿಲ್ಲ. ನಾನು ಒಂದು ಸಂಜೆ ಪೂರ್ತಿ ಕೂಡಿಸಿ ಕೂಡಿಸಿ ತಲೆ ಕೆಡಿಸಿಕೊಂಡೆ.

ಹೆಚ್ಚು ಸಲ ಕಾಣಿಸಿಕೊಂಡದ್ದನ್ನು ಮೇಲಕ್ಕೆ ತಂದು ನೋಡಿದರೆ ‘ಅಪ್ಪೆಮಿಡಿ ಗಿಡ’, ‘ಅಪ್ಪೆಮಿಡಿ ಕಸಿ ಗಿಡ ಬೆಲೆ’. ನಮ್ಮಲ್ಲಿ ಗಿಡವೇ ಇಲ್ಲ! ತೋಟದಲ್ಲಿ ನೆಡುವವರು ಬಂದು ಉಪ್ಪಿನಕಾಯಿ ಬಾಟಲಿ ನೋಡಿ ವಾಪಸ್ ಹೋಗುತ್ತಿದ್ದರು. ಉಪ್ಪಿನಕಾಯಿಗೆ ಹಾಕುವ ಈ ಪರಿಮಳದ ಮಾವಿನ ಮಿಡಿಗೆ ಅಪ್ಪೆಮಿಡಿ ಎಂಬ ಹೆಸರು ಗೊತ್ತಿರುವವರು ಬಹುಪಾಲು ನಮ್ಮ ಸೀಮೆಯವರೇ, ಅವರ ಮನೆಯಲ್ಲಿ ಭರಣಿ ತುಂಬಿಯೇ ಇರುತ್ತದೆ. ಕೊಳ್ಳುವವರು ಹುಡುಕುವುದು ‘ಎಳೆ ಮಾವಿನಕಾಯಿ ಉಪ್ಪಿನಕಾಯಿ’ ಎಂದು, ಅಥವಾ ಇಂಗ್ಲಿಷಿನಲ್ಲಿ ‘ಟೆಂಡರ್ ಮ್ಯಾಂಗೋ ಪಿಕಲ್’ ಎಂದು. ಆ ಎರಡು ಮಾತು ನಮ್ಮ ಸೈಟ್‌ನಲ್ಲಿ ಎಲ್ಲೂ ಇರಲಿಲ್ಲ.

ಕಾಗುಣಿತದ ಹಿಂದೆ ಬಿದ್ದು ಸುಮ್ಮನೆ ಎರಡು ವಾರ ಹಾಳು ಮಾಡಿದೆ. ನಮ್ಮ ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಶಿವಮೊಗ್ಗ ಆಗಿದೆ, ಆದರೂ ನನ್ನ ಪಟ್ಟಿಯಲ್ಲಿ ‘ಶಿಮೊಗ’ ಎಂದು ಬರೆಯುವವರು ಕಮ್ಮಿಯಿರಲಿಲ್ಲ. ಒಂದೊಂದು ಸ್ಪೆಲ್ಲಿಂಗ್‌ಗೂ ಒಂದೊಂದು ಪುಟ ಮಾಡಿದೆ. ಅಂಥ ಸಣ್ಣ ವ್ಯತ್ಯಾಸ ಗೂಗಲ್‌ಗೇ ಅರ್ಥವಾಗುತ್ತದೆಂದು ತಿಳಿದ ಮೇಲೆ ಎಲ್ಲವನ್ನೂ ಅಳಿಸಿದೆ. ಹುಡುಕಾಟದ ಏರಿಳಿತ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ 100 ಎಂದು ಕಂಡಾಗ ನೂರು ಜನ ಹುಡುಕಿದ್ದಾರೆಂದು ಯಜಮಾನರಿಗೆ ಹೇಳಿಯೂ ಬಿಟ್ಟಿದ್ದೆ. ಅದು ತಲೆಯೆಣಿಕೆಯಲ್ಲ, ಆರಿಸಿದ ಅವಧಿಯಲ್ಲಿ ಹುಡುಕಾಟ ಅತಿ ಹೆಚ್ಚಿದ್ದ ಹೊತ್ತನ್ನು 100 ಎಂದಿಟ್ಟುಕೊಂಡು ಉಳಿದದ್ದನ್ನು ಅಳೆಯುತ್ತದೆ, ಅಷ್ಟೇ. ಗೂಗಲ್ ಜಾಹೀರಾತಿನವರಿಗೆಂದು ಇಟ್ಟಿರುವ ಕೀವರ್ಡ್ ಪ್ಲ್ಯಾನರ್, ಒಂದು ಮಾತನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆಂಬುದಕ್ಕೆ, ದುಡ್ಡು ಹಾಕದವರಿಗೆ ‘10ರಿಂದ 100’ ಎನ್ನುವಂಥ ಅಂದಾಜು ಕೊಡುತ್ತದೆ. ನಮ್ಮಂಥ ಸಣ್ಣ ವ್ಯಾಪಾರಕ್ಕೆ ಅದರಿಂದ ದೊಡ್ಡ ಉಪಕಾರವೇನೂ ಆಗಲಿಲ್ಲ.

ಉಪಕಾರವಾದದ್ದು ಅತ್ತೆಯ ಫೋನಿನಿಂದ. ಬಾಟಲಿಯ ಮೇಲೆ ಅವರ ನಂಬರ್ ಇದೆ. ಒಂದು ಮಧ್ಯಾಹ್ನ ಫೋನ್ ಇಟ್ಟು ಸಿಡಿಮಿಡಿಗುಟ್ಟಿದರು: “ಎಣ್ಣೆ ಹಾಕಿಲ್ವಾ, ಕೆಡಲ್ವಾ ಅಂತ ಇವತ್ತು ಮೂರನೇ ಜನ ಕೇಳ್ತಿರೋದು. ಮಿಡಿಗೆ ಯಾರಾದ್ರೂ ಎಣ್ಣೆ ಹಾಕ್ತಾರಾ ಮಾರಾಯ್ತಿ?” ಅವರಿಗೆ ಅದು ಪ್ರಶ್ನೆಯೇ ಅಲ್ಲ, ನನಗೂ ಆಗಿರಲಿಲ್ಲ. ಕನ್ಸೋಲ್‌ನಲ್ಲಿ ‘ಎಣ್ಣೆ’ ಎಂದು ಫಿಲ್ಟರ್ ಹಾಕಿದೆ, ಆಮೇಲೆ ಇಂಗ್ಲಿಷ್ ‘ಆಯಿಲ್’ ಹಾಕಿದೆ. ‘ಎಣ್ಣೆ ಇಲ್ಲದ ಉಪ್ಪಿನಕಾಯಿ’, ‘ಪಿಕಲ್ ವಿದೌಟ್ ಆಯಿಲ್’ ಸಾಲಾಗಿ ಬಂದವು. ಕಾಣಿಸಿದ್ದು ಹಲವು ಸಲ, ನಮ್ಮ ಸ್ಥಾನ ಮಾತ್ರ ಮೂರು ಪುಟದಾಚೆ.

ಅತ್ತೆಯನ್ನು ಕೂರಿಸಿಕೊಂಡು ಅದೊಂದೇ ಪ್ರಶ್ನೆಗೆ ಪುಟ ಬರೆದೆ. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು, ತೊಟ್ಟು ಮುರಿದರೆ ಸೊನೆ ಸೋರಿ ಪರಿಮಳ ಹೋಗುತ್ತದೆ. ಕಲ್ಲುಪ್ಪಿನಲ್ಲಿ ಹಾಕಿಟ್ಟರೆ ತನ್ನದೇ ನೀರು ಬಿಟ್ಟು ಮಿಡಿ ಸುಕ್ಕುಗಟ್ಟುತ್ತದೆ. ಆ ಉಪ್ಪುನೀರು, ಸಾಸಿವೆ, ಖಾರ, ಅರಿಶಿನ ಇವೇ ಅದನ್ನು ಕಾಯುವುದು. ಹಸಿ ಚಮಚ ಹಾಕಿದರೆ ಬೂಸ್ಟು ಬರುತ್ತದೆ ಎಂಬುದನ್ನೂ ಸೇರಿಸಿದೆ, ಅದೂ ಪಟ್ಟಿಯಲ್ಲಿತ್ತು. ತಲೆಬರಹ ಮಾತ್ರ ಫೋನ್ ಮಾಡಿದವರದ್ದು: ‘ಎಣ್ಣೆ ಹಾಕದಿದ್ದರೆ ಉಪ್ಪಿನಕಾಯಿ ಕೆಡುವುದಿಲ್ಲವೇ?’

ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಮೈಸೂರು, ಹುಬ್ಬಳ್ಳಿ, ಪುಣೆಯಿಂದ ಗುರುತಿಲ್ಲದವರ ಆರ್ಡರ್ ಬರತೊಡಗಿತು. ಗಿಡ ಕೇಳುವವರಿಗೆ ‘ನಮ್ಮಲ್ಲಿ ಗಿಡ ಇಲ್ಲ’ ಎಂದು ಮೇಲೆಯೇ ಎರಡು ಸಾಲು ಹಾಕಿದ್ದೇನೆ.

ಮೊನ್ನೆ ಪಟ್ಟಿಯಲ್ಲಿ ‘ಜೀರಿಗೆ ಮಿಡಿ’ (ಜೀರಿಗೆಯ ಪರಿಮಳದ ಮಾವಿನ ಮಿಡಿ) ಮೇಲೇರುತ್ತಿರುವುದು ಕಂಡು ಹೊಸ ಪುಟಕ್ಕೆ ಕೈ ಹಾಕಿದೆ. ಅತ್ತೆ ಜಗಲಿಯಿಂದಲೇ ತಡೆದರು: “ಅದು ಬರೀಬೇಡ. ನಮ್ಮ ಜೀರಿಗೆ ಮರ ಈ ವರ್ಷ ಹೂವೇ ಬಿಟ್ಟಿಲ್ಲ.”