ಬೋಳುಗುಡ್ಡ, ಕಾಡುಕಣಿವೆ: ಒಂದು ದಿನದ ಚಾರಣಕ್ಕೆ ಹೀಗೆ ಹೊರಡಿ

ಮೇಲೆ ಮರವೇ ಇಲ್ಲದ ಹುಲ್ಲುಗುಡ್ಡ, ಕೆಳಗೆ ಕಾಡು ತುಂಬಿದ ಕಣಿವೆ. ಇಂಥ ಕಡೆ ಹೊರಡುವವರು ಎಷ್ಟು ಕಿಲೋಮೀಟರ್ ಅಂತ ಕೇಳುತ್ತಾರೆ, ಬೆಳಕು ಎಷ್ಟು ಹೊತ್ತು ಇರುತ್ತೆ ಅಂತ ಕೇಳುವುದು ಕಡಿಮೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದೇ ಅದು.

ಹಿಂದಿನ ದಿನವೇ ಮ್ಯಾಪ್ ಹಿಡಿದು ಕೂತು ಸಮಯ ಲೆಕ್ಕ ಹಾಕಿ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಬಳಕೆಯಲ್ಲಿದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 15 ಕಿ.ಮೀ. ದಾರಿ, 600 ಮೀಟರ್ ಏರು ಅಂದರೆ 4 ಗಂಟೆ. ಒಂದು ಗುಡ್ಡ ಇಳಿದು ಇನ್ನೊಂದು ಹತ್ತುವುದಿದ್ದರೆ ಆ ಏರುಗಳನ್ನೆಲ್ಲ ಕೂಡಿಸಲೇಬೇಕು, ಸುಮ್ನೆ ತುದಿಯ ಎತ್ತರ ನೋಡಿದರೆ ಸಾಲದು. ಇದು ನಿಲ್ಲದೆ ನಡೆಯುವವರ ಲೆಕ್ಕ. ಊಟ, ಸುಧಾರಿಸಿಕೊಳ್ಳುವುದು ಎಲ್ಲ ಸೇರಿ 6 ಗಂಟೆ ಇಟ್ಟುಕೊಳ್ಳಿ. ಹೋಗುವ ದಾರಿ, ವಾಪಸ್ ಬರುವ ಹೊತ್ತು ಎರಡನ್ನೂ ಮನೆಯಲ್ಲಿ ಹೇಳಿ.

ಬೆಳಗ್ಗೆ ಬೇಗ ಹೊರಟು ಬೋಳುಗುಡ್ಡವನ್ನು ಮೊದಲು ಮುಗಿಸಿ. 100 ಮೀಟರ್ ಮೇಲೇರಿದರೆ ಹೆಚ್ಚುಕಡಿಮೆ 0.6 ಡಿಗ್ರಿ ತಂಪಾಗುತ್ತದೆ, ಮೇಲಿಂದ ಗಾಳಿ ಬೇರೆ. ಬೆವರಿಗೆ ನೆಂದ ಹತ್ತಿ ಬಟ್ಟೆ ಬೇಗ ಒಣಗಲ್ಲ, ಮೈಯ ಬಿಸಿ ಎಳೆಯುತ್ತೆ. ಉಣ್ಣೆಯದೋ ಬೇಗ ಒಣಗುವ ಪಾಲಿಯೆಸ್ಟರೋ ಹಾಕಿಕೊಳ್ಳಿ. ಬಿಸಿಲಿದ್ದರೂ ಮಳೆಕೋಟು ಬ್ಯಾಗಲ್ಲಿರಲಿ.

ಗುಡ್ಡದ ಮೇಲಿನ ಸಮತಟ್ಟು ಜಾಗ ನೋಡಿ ಮೋಸ ಹೋಗಬೇಡಿ. ಎದ್ದು ಕಾಣುವ ಹಸಿರು ಪಾಚಿ ಇದೆ ಅಂದರೆ ಅಡಿಯಲ್ಲಿ ನೀರಿದೆ. ಕೋಲು ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಬಳಸಿಕೊಂಡು ಹೋಗಿ. ಒಣಹುಲ್ಲು ಗಂಟುಗಂಟಾಗಿ ಬೆಳೆದ ಕಡೆ ಕಾಲಿಗೆ ಆಧಾರ ಸಿಗುವುದು ಜಾಸ್ತಿ. ಮಂಜು ಬರುವ ಹಾಗಿದ್ದರೆ, ಎದುರಿನ ಗುಡ್ಡ ಕಾಣುತ್ತಿರುವಾಗಲೇ ನೀವು ನಿಂತ ಜಾಗವನ್ನು ಮ್ಯಾಪಲ್ಲಿ ಗುರುತಿಸಿ, ದಿಕ್ಸೂಚಿಯಲ್ಲಿ ದಿಕ್ಕು ಹಿಡಿದಿಟ್ಟುಕೊಳ್ಳಿ. ಮುಸುಕಿದ ಮೇಲೆ ಹುಡುಕುವುದು ತುಂಬ ಕಷ್ಟ.

ಕಣಿವೆಯ ಕಾಡಿಗೆ ಇಳಿದ ಮೇಲೆ ಗಾಳಿ ಇರಲ್ಲ, ಆದರೆ ಒದ್ದೆ ಬೇರು ಜಾರುತ್ತದೆ, ಮರಗಳ ಕೆಳಗೆ ಜಿಪಿಎಸ್ ತಪ್ಪು ಜಾಗ ತೋರಿಸುವುದೂ ಉಂಟು. ಬೇರಿನ ಮೇಲೆ ಕಾಲಿಡದೆ ದಾಟಿ. ಹಳ್ಳದಲ್ಲಿ ನೀರು ಮಂಡಿಗಿಂತ ಮೇಲಿದ್ದು ರಭಸವಾಗಿದ್ದರೆ ಇಳಿಯಲೇಬೇಡಿ, ಸೇತುವೆ ಎಷ್ಟೇ ದೂರವಿದ್ದರೂ ಅಲ್ಲಿಗೇ ಹೋಗಿ. ಗುಡ್ಡದ ಮೇಲೆ ಇನ್ನೂ ಬಿಸಿಲಿರುವಾಗಲೇ ಕಾಡೊಳಗೆ ಮಬ್ಬಾಗಿರುತ್ತೆ ಅಲ್ವಾ? ಅದಕ್ಕೇ ಸೂರ್ಯ ಮುಳುಗುವುದಕ್ಕೆ 2 ಗಂಟೆ ಮುಂಚೆಯೇ ಕಾಡು ದಾಟಿರುವಂತೆ ನೋಡಿಕೊಳ್ಳಿ. ಆದರೂ ತಲೆಗೆ ಕಟ್ಟುವ ಟಾರ್ಚ್ ಬಿಟ್ಟು ಹೋಗಬೇಡಿ.

ಒಂದು ಸೀಟಿಯೂ ಬೇಕು. ತೊಂದರೆಯಾದರೆ ಒಂದು ನಿಮಿಷದಲ್ಲಿ 6 ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಅತ್ತಲಿಂದ 3 ಸಲ ಕೇಳಿಸಿದರೆ ನಿಮ್ಮ ಕರೆ ಮುಟ್ಟಿದೆ ಅಂತ ಅರ್ಥ. ಆಮೇಲೂ ಊದುತ್ತಲೇ ಇರಿ, ಆ ಶಬ್ದ ಹಿಡಿದೇ ಅವರು ನಿಮ್ಮ ಹತ್ತಿರ ಬರಬೇಕು.